ಟಾಯರಿನ ಹವೆ: ರಸ್ತೆಗೆ ಎಷ್ಟು, ಹೊಲಕ್ಕೆ ಎಷ್ಟು?



ಕಬ್ಬು ಸಾಗಿಸುವ ಹಂಗಾಮು ಬಂದಿತೆಂದರೆ ಟ್ರ್ಯಾಕ್ಟರಿನ ಆಯಿಲ್ ನೋಡುತ್ತೇವೆ, ಡೀಸೆಲ್ ತುಂಬಿಸುತ್ತೇವೆ, ಟ್ರಾಲಿಯ ಕೊಂಡಿ ಪರೀಕ್ಷಿಸುತ್ತೇವೆ. ಟಾಯರಿನ ಹವೆಯನ್ನು ಮಾತ್ರ ಕಾಲಿನಿಂದ ಒದ್ದು ನೋಡಿ ‘ಇದೆ, ನಡೀರಿ’ ಎನ್ನುತ್ತೇವೆ. ಕಾಲಿನ ಒದೆತಕ್ಕೆ 20 ಪೌಂಡಿನ ಟಾಯರೂ ಒಂದೇ, 30 ಪೌಂಡಿನದೂ ಒಂದೇ. ಇವೆರಡರ ನಡುವಿನ ವ್ಯತ್ಯಾಸ ಡೀಸೆಲ್ ಖರ್ಚಿನಲ್ಲಿ ಕಾಣುತ್ತದೆ, ಕೆಲವು ಸಲ ತುಂಬಿದ ಟ್ರಾಲಿ ರಸ್ತೆಯ ನಡುವೆ ಒರಗಿದಾಗ ಕಾಣುತ್ತದೆ.

ಗೇಜಿನ ಮೇಲಿನ ಪೌಂಡು ಎಂದರೆ ಒಂದು ಚದರ ಇಂಚಿನ ಮೇಲೆ ಬೀಳುವ ಒತ್ತಡ. ಭಾರವನ್ನು ಬಹುಪಾಲು ಹೊರುವುದು ರಬ್ಬರಲ್ಲ, ಒಳಗಿನ ಹವೆ. ಒಂದು ಚಕ್ರದ ಮೇಲೆ 600 ಪೌಂಡು, ಅಂದರೆ ಸುಮಾರು 270 ಕಿಲೊ ಭಾರವಿದ್ದು ಹವೆ 30 ಪೌಂಡು ಇದ್ದರೆ ಟಾಯರು ಹೆಚ್ಚುಕಡಿಮೆ 20 ಚದರ ಇಂಚು ನೆಲದ ಮೇಲೆ ನಿಲ್ಲುತ್ತದೆ. ಇದು ಅಂಗೈ ಅಗಲದ ಜಾಗ. ಹವೆ 20ಕ್ಕೆ ಇಳಿದರೆ ಅದೇ ಟಾಯರು ಚಪ್ಪಟೆಯಾಗಿ 30 ಚದರ ಇಂಚು ಹರಡುತ್ತದೆ. ಆಗ ಚಕ್ರದ ಪ್ರತಿಯೊಂದು ಸುತ್ತಿಗೂ ಟಾಯರಿನ ಪಕ್ಕೆ ಬಾಗಿ ಏಳಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ? ಟಾಯರೂ ಹಾಗೆಯೇ ಕಾಯುತ್ತದೆ. ಅಂಚುಗಳು ಮೊದಲು ಸವೆಯುತ್ತವೆ, ಒಳಪದರ ಬಿಡುತ್ತದೆ, ಕೊನೆಗೆ ಒಡೆಯುತ್ತದೆ. ಹವೆ ಅತಿಯಾದರೆ ನಡುಭಾಗ ಮಾತ್ರ ಸವೆಯುತ್ತದೆ, ಗಾಡಿ ಪುಟಿಯುತ್ತದೆ, ಬ್ರೇಕ್ ಹಾಕಿದಾಗ ಹಿಡಿತ ಕಡಿಮೆಯಾಗುತ್ತದೆ.

ಹಾಗಾದರೆ ಸರಿಯಾದ ಅಂಕಿ ಯಾವುದು? ಟಾಯರಿನ ಪಕ್ಕೆಯ ಮೇಲೆ ಬರೆದ ಅಂಕಿಯನ್ನೇ ಹಲವರು ಹಾಕಿಸುತ್ತಾರೆ. ಅದು ಕಾರು, ಜೀಪಿನ ಮಟ್ಟಿಗೆ ತಪ್ಪು. ಆ ಅಂಕಿ ಟಾಯರು ತಾಳಬಲ್ಲ ಗರಿಷ್ಠ ಹವೆ. ದಿನನಿತ್ಯದ ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಪಟ್ಟಿಯಲ್ಲಿ ಅಥವಾ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಮೋಟಾರ್ ಸೈಕಲ್ಲಿಗೆ ಒಬ್ಬರೇ ಕೂತಾಗ ಒಂದು, ಹಿಂದೆ ಇನ್ನೊಬ್ಬರು ಕೂತಾಗ ಬೇರೊಂದು ಅಂಕಿ ಕೊಟ್ಟಿರುತ್ತಾರೆ. ಹಿಂದೆ ಗೊಬ್ಬರದ ಚೀಲ ಹೇರಿದರೂ ಎರಡನೆಯ ಅಂಕಿಯೇ ಅನ್ವಯ. ಚೀಲ ಮಾತಾಡುವುದಿಲ್ಲ, ಆದರೆ ಭಾರ ಭಾರವೇ.

ಟ್ರ್ಯಾಕ್ಟರಿನ ಮಾತು ಬೇರೆ; ಅದಕ್ಕೆ ಎರಡು ಬಾಳುವೆ. ಹಿಂದಿನ ದೊಡ್ಡ ಟಾಯರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12 ಪೌಂಡಿನ ಆಸುಪಾಸು, ರಸ್ತೆಯಲ್ಲಿ ಟ್ರಾಲಿ ಎಳೆಯುವಾಗ 16ರ ಆಸುಪಾಸು ಇರಬೇಕು. ನಿಮ್ಮ ಯಂತ್ರದ ನಿಖರ ಅಂಕಿ ಅದರ ಪುಸ್ತಕದಲ್ಲಿದೆ. ಮೆತ್ತನೆಯ ಎರೆಮಣ್ಣಿನಲ್ಲಿ ಹವೆ ಕಡಿಮೆ ಇದ್ದರೆ ಟಾಯರು ಅಗಲವಾಗಿ ಕೂತು ಕಡಿಮೆ ಹುಗಿಯುತ್ತದೆ, ಕಡಿಮೆ ಜಾರುತ್ತದೆ. ರಸ್ತೆಯ ಅಂಕಿಯಲ್ಲೇ ಹಸಿ ಹೊಲಕ್ಕಿಳಿಸಿದರೆ ಮಣ್ಣು ಗಟ್ಟಿಯಾಗಿ ಅಮುಕಿಹೋಗುತ್ತದೆ. ಆ ಚಕ್ರದ ಜಾಡಿನಲ್ಲಿ ಕೂಳೆ ಕಬ್ಬಿನ ಬೇರು ಇಳಿಯಲು ಹೆಣಗುತ್ತದೆ. ಕೂಳೆಯ ಸಾಲು ಅಲ್ಲಲ್ಲಿ ಬಡವಾದಾಗ ಗೊಬ್ಬರವನ್ನು ಬೈಯುವ ಮೊದಲು ಚಕ್ರ ಎಲ್ಲಿ ಹಾಯ್ದಿತ್ತೆಂದು ನೆನೆಯಿರಿ. ಇನ್ನು ಹೊಲದ ಹವೆಯಲ್ಲೇ ಡಾಂಬರು ರಸ್ತೆಗೆ ಏರುವವರು ಟಾಯರಿನ ಆಯುಷ್ಯವನ್ನು ತಾವೇ ಕಡಿಮೆ ಮಾಡುತ್ತಾರೆ.

ಟ್ರಾಲಿಯ ಟಾಯರು ಚಿಕ್ಕದು, ಹೊರುವ ಭಾರ ದೊಡ್ಡದು. ಆದ್ದರಿಂದ ಅದಕ್ಕೆ ಟ್ರ್ಯಾಕ್ಟರಿನ ಹಿಂದಿನ ಟಾಯರಿಗಿಂತ ಹಲವು ಪಟ್ಟು ಹೆಚ್ಚು ಹವೆ ಬೇಕು. ಎರಡೂ ಬದಿಗೆ ಸಮನಾಗಿರಬೇಕು. ಒಂದು ಬದಿ ಇಳಿದಿದ್ದರೆ ಎತ್ತರಕ್ಕೆ ಹೇರಿದ ಕಬ್ಬು ತಿರುವಿನಲ್ಲಿ ಆ ಕಡೆಗೇ ವಾಲುತ್ತದೆ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಮಿತಿ ಮೀರಿ ಹೇರಿದ್ದಕ್ಕೆ ಹೆಚ್ಚು ಹವೆ ಪರಿಹಾರವಲ್ಲ. ಟಾಯರಿಗೆ ಹವೆಯ ಮಿತಿಯಂತೆ ಭಾರದ ಮಿತಿಯೂ ಇದೆ.

ಎತ್ತಿನ ಟಾಯರ್ ಗಾಡಿಯಲ್ಲಿ ಇಳಿದ ಹವೆಯ ದಂಡ ತೆರುವವು ಎತ್ತುಗಳು. ಗಟ್ಟಿ ರಸ್ತೆಯಲ್ಲಿ ಮೆತ್ತಗಾದ ಟಾಯರನ್ನು ಎಳೆಯುವುದು ಸದಾ ಸಣ್ಣ ಏರು ಹತ್ತಿದಂತೆ. ಹೆಗಲು ಬಾತರೆ ನೊಗವನ್ನಷ್ಟೇ ಅಲ್ಲ, ಟಾಯರನ್ನೂ ನೋಡಿರಿ.

ಹವೆ ನೋಡುವ ಹೊತ್ತು ಬೆಳಗಿನದು, ಗಾಡಿ ಹೊರಡುವ ಮೊದಲು. ನಾನೊಮ್ಮೆ ಏಪ್ರಿಲ್ ಬಿಸಿಲಿನಲ್ಲಿ ಸೋಲಾಪುರದಿಂದ ಅಕ್ಕಲಕೋಟಕ್ಕೆ ಜೀಪಿನಲ್ಲಿ ಬಂದು, ಪಂಚರ್ ಅಂಗಡಿಯಲ್ಲಿ ನೋಡಿಸಿದೆ. ಗೇಜು 35 ತೋರಿಸಿತು, ಬೇಕಾದದ್ದು 30. ಜಾಣತನ ಮಾಡಿ 5 ಪೌಂಡು ಬಿಡಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ 25! ಹವೆ ಹೆಚ್ಚಾಗಿರಲಿಲ್ಲ, ಕಾದು ಹಿಗ್ಗಿತ್ತು ಅಷ್ಟೆ. ಒಳಗಿನ ಹವೆ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 30 ಪೌಂಡಿನ ಟಾಯರಿನಲ್ಲಿ ಸುಮಾರು ಒಂದೂವರೆ ಪೌಂಡು ಏರುತ್ತದೆ. ಪುಸ್ತಕದ ಅಂಕಿಗಳೆಲ್ಲ ತಣ್ಣಗಿನ ಟಾಯರಿನವು. ಬಿಸಿ ಟಾಯರಿನ ಹವೆ ಎಂದಿಗೂ ಬಿಡಿಸಬೇಡಿರಿ.

ಸ್ವಂತಕ್ಕೊಂದು ಗೇಜು ಇಟ್ಟುಕೊಳ್ಳಿರಿ. ಒಂದು ಟಾಯರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಹಿಂದಿನ ಟಾಯರಿನಲ್ಲಿ ನೀರು ತುಂಬಿಸಿದ್ದರೆ ವಾಲ್ವ್ ಮೇಲ್ಗಡೆ ಬರುವಂತೆ ಚಕ್ರ ತಿರುಗಿಸಿ ನೋಡಿರಿ, ಇಲ್ಲವಾದರೆ ಗೇಜಿನೊಳಗೆ ನೀರು ಸೇರುತ್ತದೆ. ನೋಡಿದ ಮೇಲೆ ವಾಲ್ವಿನ ಟೋಪಿ ಹಾಕಲು ಮರೆಯಬೇಡಿರಿ. ಕಬ್ಬಿನ ಹೊಲದ ಧೂಳು ಒಳಗೆ ಕೂತರೆ ರಾತ್ರಿಯೆಲ್ಲ ಹವೆ ಸಣ್ಣಗೆ ಸೋರುತ್ತದೆ.