ಮನಸ್ಸನ್ನು ಓದುವ ಆಟಕ್ಕೆ ತಕ್ಕ ಮುಕ್ತಾಯ

ಯಕ್ಷಿಣಿಯ ಆಟಗಳಲ್ಲಿ ಮನಸ್ಸನ್ನು ಓದುವ ಆಟಕ್ಕೆ ವಿಶೇಷವಾದ ಸ್ಥಾನವುಂಟು. ಬರಿಗೈಯಿಂದ ನಾಣ್ಯವನ್ನು ತೆಗೆದು ತೋರಿಸಿದರೆ ನೋಟಕರು ಅದು ಕೈಚಳಕವೆಂದು ತಿಳಿದು ನಗುತ್ತಾರೆ. ತಮ್ಮ ಮನಸ್ಸಿನಲ್ಲಿ ಮಾತ್ರ ಇದ್ದ ಸಂಗತಿಯನ್ನು ವೇದಿಕೆಯ ಮೇಲಿರುವವನು ಹೇಳಿಬಿಟ್ಟರೆ ಅವರಿಗೆ ನಗು ಬರುವುದಿಲ್ಲ. ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ. ಇಂತಹ ಪ್ರದರ್ಶನವನ್ನು ಏರ್ಪಡಿಸುವ ಪ್ರತಿಯೊಬ್ಬನಿಗೂ ಒಂದು ಪ್ರಶ್ನೆ ಎದುರಾಗುತ್ತದೆ: ತನಗೆ ಗೊತ್ತಿರುವ ಹಲವು ಪ್ರಯೋಗಗಳಲ್ಲಿ ಯಾವುದನ್ನು ಕೊನೆಗೆ ಇಡಬೇಕು? ಮೇಲುನೋಟಕ್ಕೆ ಇದು ರಂಗಭೂಮಿಗೆ ಸೇರಿದ ಪ್ರಶ್ನೆಯಂತೆ ಕಾಣುತ್ತದೆ. ಸ್ವಲ್ಪ ವಿಚಾರ ಮಾಡಿದರೆ, ಸಂಭವನೀಯತೆಯ ಗಣಿತವೂ ನೆನಪಿನ ನಿಯಮಗಳೂ ಸ್ನಾಯುಗಳ ವ್ಯಾಪಾರವೂ ಇದರಲ್ಲಿ ಅಡಗಿರುವುದು ತಿಳಿಯುತ್ತದೆ. ಕಾಲೇಜಿನ ವಿಜ್ಞಾನ ಸಂಘದ ವಾರ್ಷಿಕೋತ್ಸವಕ್ಕೆ ಇಂತಹ ಆಟವನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳಿಗೆ ನೆರವಾಗುವಂತೆ ಈ ಪ್ರಶ್ನೆಯನ್ನು ಕ್ರಮವಾಗಿ ಪರಿಶೀಲಿಸೋಣ.

ಕೊನೆಯದಕ್ಕೆ ಏಕೆ ಇಷ್ಟು ಬೆಲೆ?

ಇಪ್ಪತ್ತು ಪದಗಳನ್ನು ಒಂದೊಂದಾಗಿ ಓದಿ ಹೇಳಿ, ಒಡನೆಯೇ ನೆನಪಿದ್ದಷ್ಟನ್ನು ಬರೆಯುವಂತೆ ನಿಮ್ಮ ಸ್ನೇಹಿತನನ್ನು ಕೇಳಿರಿ. ಮೊದಲಿನ ಕೆಲವು ಪದಗಳನ್ನೂ ಕೊನೆಯ ಕೆಲವು ಪದಗಳನ್ನೂ ಅವನು ಸುಲಭವಾಗಿ ಬರೆಯುತ್ತಾನೆ. ನಡುವಿನವು ಬಹುಮಟ್ಟಿಗೆ ಮರೆತುಹೋಗಿರುತ್ತವೆ. ಬೆನೆಟ್ ಮರ್ಡಾಕ್ ಎಂಬ ಮನೋವಿಜ್ಞಾನಿಯು 1962ರಲ್ಲಿ ಇದನ್ನು ಅಳೆದು ರೇಖಾಚಿತ್ರವಾಗಿ ತೋರಿಸಿದನು. ಆ ರೇಖೆಯ ಎರಡು ತುದಿಗಳೂ ಮೇಲೆದ್ದಿರುತ್ತವೆ; ಅವುಗಳಲ್ಲಿ ಕೊನೆಯ ತುದಿಯೇ ಹೆಚ್ಚು ಎತ್ತರ.

ಡೇನಿಯಲ್ ಕಾನೆಮನ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಕೆಲವರು 14 ಡಿಗ್ರಿ ಸೆಂಟಿಗ್ರೇಡಿನ ತಣ್ಣೀರಿನಲ್ಲಿ 60 ಸೆಕೆಂಡುಗಳ ಕಾಲ ಒಂದು ಕೈಯನ್ನು ಇಟ್ಟರು. ಇನ್ನೊಂದು ಸರದಿಯಲ್ಲಿ ಇನ್ನೊಂದು ಕೈಯನ್ನು ಅದೇ ರೀತಿ 60 ಸೆಕೆಂಡು ಇಟ್ಟು, ಅದರ ಮೇಲೆ ಮತ್ತೆ 30 ಸೆಕೆಂಡು ಮುಂದುವರಿಸಿದರು. ಆ 30 ಸೆಕೆಂಡುಗಳಲ್ಲಿ ನೀರಿನ ಉಷ್ಣತೆಯನ್ನು ಮೆಲ್ಲಮೆಲ್ಲನೆ 15 ಡಿಗ್ರಿಗೆ ಏರಿಸಲಾಯಿತು. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡಲು ಒಪ್ಪುವಿರಿ ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲಿಯೇ ಹೆಚ್ಚು. ಆದರೆ ಅದರ ಕೊನೆ ಸೌಮ್ಯವಾಗಿತ್ತು. ಅನುಭವವೊಂದರ ತೀವ್ರವಾದ ಘಳಿಗೆಯೂ ಅದರ ಕೊನೆಯೂ ನೆನಪಿನಲ್ಲಿ ಬಲವಾಗಿ ಉಳಿಯುತ್ತವೆ. ಅದು ಎಷ್ಟು ಹೊತ್ತು ನಡೆಯಿತೆಂಬುದಕ್ಕೆ ನೆನಪು ಅಷ್ಟಾಗಿ ಬೆಲೆ ಕೊಡುವುದಿಲ್ಲ. ಆದುದರಿಂದ ಎರಡು ಗಂಟೆಗಳ ಪ್ರದರ್ಶನವನ್ನು ನೋಡಿದವನು ಮನೆಗೆ ಕೊಂಡೊಯ್ಯುವುದು ಮುಖ್ಯವಾಗಿ ಕೊನೆಯ ಹತ್ತು ನಿಮಿಷಗಳನ್ನು. ಅತ್ಯಂತ ತೀವ್ರವಾದ ಘಳಿಗೆಯನ್ನೇ ಕೊನೆಗೆ ತಂದರೆ ಎರಡು ಲಾಭಗಳೂ ಒಂದೇ ಕಡೆ ಕೂಡುತ್ತವೆ.

ಎರಡು ಪ್ರಯೋಗಗಳು ಏಕೆ ಸಾಲವು?

ಮೊದಲು ಒಂದು ಗಣಿತದ ಆಟವನ್ನು ತೆಗೆದುಕೊಳ್ಳೋಣ. ಮೊದಲ ಅಂಕಿಯೂ ಕೊನೆಯ ಅಂಕಿಯೂ ಬೇರೆಯಾಗಿರುವ ಮೂರಂಕಿಯ ಸಂಖ್ಯೆಯೊಂದನ್ನು ಸಭಿಕನು ಮನಸ್ಸಿನಲ್ಲಿ ನೆನೆಯುತ್ತಾನೆ; 732 ಎಂದಿರಲಿ. ಅದನ್ನು ತಿರುವಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾನೆ: 732 − 237 = 495. ಬಂದುದನ್ನು ಮತ್ತೆ ತಿರುವಿ ಕೂಡುತ್ತಾನೆ: 495 + 594 = 1089. ಪ್ರದರ್ಶಕನು ಮೊದಲೇ ಬರೆದಿಟ್ಟ ಲಕೋಟೆಯಲ್ಲಿ 1089 ಎಂದೇ ಇರುತ್ತದೆ. ಇದರ ಗುಟ್ಟು ಸರಳ. ಮೊದಲ ಮತ್ತು ಕೊನೆಯ ಅಂಕಿಗಳ ವ್ಯತ್ಯಾಸವನ್ನು ‘ಕ’ ಎಂದು ಕರೆದರೆ, ಕಳೆದಾಗ ಬರುವುದು 99ಕ. ಅದರ ನೂರರ ಸ್ಥಾನದಲ್ಲಿ ಕ−1, ಹತ್ತರ ಸ್ಥಾನದಲ್ಲಿ 9, ಬಿಡಿಸ್ಥಾನದಲ್ಲಿ 10−ಕ ಇರುತ್ತವೆ. ತಿರುವಿ ಕೂಡಿದಾಗ ‘ಕ’ ಹೊಡೆದುಹೋಗಿ 900 + 180 + 9 ಉಳಿಯುತ್ತದೆ. ವ್ಯತ್ಯಾಸ 1 ಆದಾಗ ಬರುವ 99ನ್ನು 099 ಎಂದು ಬರೆಯಬೇಕೆಂಬುದಷ್ಟೇ ಎಚ್ಚರಿಕೆ.

ಈ ಆಟವು ಚೆನ್ನಾಗಿದೆ. ಆದರೆ ಮುಕ್ತಾಯಕ್ಕೆ ಒದಗದು. ಪಕ್ಕಪಕ್ಕದಲ್ಲಿ ಕುಳಿತ ಇಬ್ಬರು ತಮ್ಮ ಉತ್ತರಗಳನ್ನು ಹೋಲಿಸಿ ನೋಡಿದರೆ ಸಾಕು, ವಿಸ್ಮಯವು ಕರಗಿಹೋಗುತ್ತದೆ. ಲೆಕ್ಕ ಮಾಡಿಸಿದ ಒಡನೆಯೇ ಸಭಿಕರಿಗೆ ಲೆಕ್ಕದ ಮೇಲೆಯೇ ಸಂಶಯ ಬರುವುದು ಸಹಜ. ಪ್ರದರ್ಶನದ ಆರಂಭದಲ್ಲಿ ಇದಕ್ಕೆ ಸ್ಥಳವುಂಟು.

ಎರಡನೆಯದು ಇಸ್ಪೀಟಿನ ಭವಿಷ್ಯ. ಸಭಿಕನು 52 ಎಲೆಗಳಲ್ಲಿ ಒಂದನ್ನು ಹೇಳುತ್ತಾನೆ. ಮೊದಲೇ ಮುಚ್ಚಿಟ್ಟ ಲಕೋಟೆಯಲ್ಲಿ ಅದೇ ಎಲೆಯ ಹೆಸರು ಇರುತ್ತದೆ. ಎಲ್ಲ ಎಲೆಗಳೂ ಸಮಾನವಾಗಿ ಆರಿಸಲ್ಪಡುವುವೆಂದು ಇಟ್ಟುಕೊಂಡರೆ, ಇದು ಆಕಸ್ಮಿಕವಾಗಿ ನಡೆಯುವ ಸಂಭವ 52ರಲ್ಲಿ ಒಂದು. ವಾಸ್ತವವಾಗಿ ಎಲೆಗಳು ಸಮಾನವಲ್ಲ. ಆಸ್ಪಿನ ಎಕ್ಕ, ಆಟೀನ ರಾಣಿ ಇಂಥವೇ ಜನರ ಬಾಯಿಗೆ ಬೇಗ ಬರುತ್ತವೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಎಲೆಯನ್ನು ಹೇಳಿದವನು ಪ್ರದರ್ಶಕನ ಕಡೆಯವನಿರಬಹುದೆಂಬ ಶಂಕೆ. ರಹಸ್ಯವು ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಸಭೆಯು ಆ ಒಬ್ಬನನ್ನು ನಂಬಬೇಕಾಗುತ್ತದೆ.

ಇವೆರಡರಿಂದ ಒಳ್ಳೆಯ ಮುಕ್ತಾಯದ ಲಕ್ಷಣಗಳು ಹೊರಪಡುತ್ತವೆ. ಆಕಸ್ಮಿಕವಾಗಿ ಗೆಲ್ಲುವುದು ಎಷ್ಟು ಕಷ್ಟವೆಂಬುದು ವಿವರಣೆಯಿಲ್ಲದೆ ಸಭೆಗೆ ಕಾಣುತ್ತಿರಬೇಕು. ರಹಸ್ಯವು ಸಭೆಗೆಲ್ಲ ಗೊತ್ತಿದ್ದು ಪ್ರದರ್ಶಕನೊಬ್ಬನಿಗೆ ಮಾತ್ರ ತಿಳಿಯದಿರಬೇಕು. ಸೋತರೆ ಅವನಿಗೆ ನಿಜವಾದ ನಷ್ಟವಾಗಬೇಕು.

ಬಚ್ಚಿಟ್ಟ ಚೆಕ್ಕು

ಈ ಮೂರೂ ಲಕ್ಷಣಗಳು ಕೂಡಿದ ಮುಕ್ತಾಯವೊಂದನ್ನು ಅಮೆರಿಕದ ಕ್ರೆಸ್ಕಿನ್ ಎಂಬವರು ಹಲವು ದಶಕಗಳ ಕಾಲ ನಡೆಸಿದರು. ನ್ಯೂ ಜರ್ಸಿ ಸಂಸ್ಥಾನದಲ್ಲಿ 1935ರಲ್ಲಿ ಜನಿಸಿದ ಇವರು 2024ರಲ್ಲಿ ತೀರಿಕೊಂಡರು. ಪ್ರದರ್ಶನದ ಕೊನೆಯಲ್ಲಿ ಅವರು ಆ ದಿನದ ಸಂಭಾವನೆಯ ಚೆಕ್ಕನ್ನು ಸಭಿಕರ ಕೈಗೆ ಕೊಟ್ಟು, ಕೆಲವರ ಕಾವಲಿನಲ್ಲಿ ಸಭಾಂಗಣದಿಂದ ಹೊರಗೆ ಹೋಗುತ್ತಿದ್ದರು. ಒಳಗಿದ್ದವರು ಎಲ್ಲರೂ ನೋಡುತ್ತಿರುವಂತೆ ಅದನ್ನು ಎಲ್ಲಿಯಾದರೂ ಬಚ್ಚಿಡುತ್ತಿದ್ದರು. ಅವರು ಹಿಂತಿರುಗಿ ಬಂದು ಹುಡುಕಬೇಕು; ಸಿಕ್ಕದಿದ್ದರೆ ಆ ದಿನದ ಸಂಭಾವನೆ ಇಲ್ಲ. ಇಲ್ಲಿ ಪ್ರಯೋಗದ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಲಿನ ನೂರಾರು ಆಸನಗಳೇ ಅದನ್ನು ಹೇಳುತ್ತವೆ.

ಇಂತಹ ಹುಡುಕಾಟಕ್ಕೆ ಹಳೆಯ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ವಾಷಿಂಗ್ಟನ್ ಅರ್ವಿಂಗ್ ಬಿಷಪ್, ಇಂಗ್ಲೆಂಡಿನ ಸ್ಟೂಅರ್ಟ್ ಕಂಬರ್ಲೆಂಡ್ ಮೊದಲಾದವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬಚ್ಚಿಟ್ಟ ಸೂಜಿಯನ್ನು ಹುಡುಕಿ ಖ್ಯಾತರಾದರು. ಇವರೆಲ್ಲರ ಬಳಿಯಲ್ಲಿಯೂ ಒಬ್ಬ ‘ಮಾರ್ಗದರ್ಶಿ’ ಇರುತ್ತಿದ್ದನು. ವಸ್ತು ಎಲ್ಲಿದೆಯೆಂದು ಅವನಿಗೆ ಗೊತ್ತು. ಅವನು ಮಾತನಾಡಬಾರದು, ಆ ಸ್ಥಳವನ್ನೇ ಏಕಾಗ್ರಚಿತ್ತದಿಂದ ಭಾವಿಸುತ್ತಿರಬೇಕು. ಪ್ರದರ್ಶಕನು ಅವನ ಮಣಿಕಟ್ಟನ್ನು ಹಿಡಿದು ನಡೆಯುತ್ತಾನೆ. ಅಮೆರಿಕದ ನರರೋಗತಜ್ಞ ಜಾರ್ಜ್ ಬಿಯರ್ಡ್ 1877ರಲ್ಲಿಯೇ, ಇದು ಮನಸ್ಸನ್ನು ಓದುವುದಲ್ಲ, ಸ್ನಾಯುಗಳನ್ನು ಓದುವುದು ಎಂದು ತೋರಿಸಿದನು. ಲಂಡನ್ನಿನಲ್ಲಿ 1881ರಲ್ಲಿ ಬಿಷಪ್‌ನನ್ನು ಪರೀಕ್ಷಿಸಿದ ಜೀವವಿಜ್ಞಾನಿ ರೊಮೇನ್ಸನೂ ಅವನ ಸಂಗಡಿಗರೂ ಇದೇ ತೀರ್ಮಾನಕ್ಕೆ ಬಂದರು.

ಅರಿಯದೆ ನಡೆಯುವ ಚಲನೆ

ಮಾರ್ಗದರ್ಶಿಯು ಬೇಕೆಂದು ಸುಳಿವು ಕೊಡುವುದಿಲ್ಲ. ಹಾಗಾದರೆ ಅವನ ಸ್ನಾಯುಗಳು ಹೇಗೆ ಮಾತನಾಡುತ್ತವೆ? ಇದನ್ನು ಮನೆಯಲ್ಲಿಯೇ ತಿಳಿಯಬಹುದು. 25 ಸೆಂಟಿಮೀಟರ್ ಉದ್ದದ ದಾರಕ್ಕೆ ಒಂದು ಉಂಗುರವನ್ನು ಕಟ್ಟಿ, ದಾರದ ತುದಿಯನ್ನು ಬೆರಳುಗಳಲ್ಲಿ ಹಿಡಿಯಿರಿ. ಕೈಯನ್ನು ಅಲುಗಿಸದೆ, ಉಂಗುರವು ಎಡದಿಂದ ಬಲಕ್ಕೆ ತೂಗುತ್ತಿದೆಯೆಂದು ಭಾವಿಸುತ್ತಿರಿ. ಸ್ವಲ್ಪ ಹೊತ್ತಿನಲ್ಲಿ ಬಹುಮಂದಿಯ ಕೈಯಲ್ಲಿ ಅದು ಹಾಗೆಯೇ ತೂಗಲು ತೊಡಗುತ್ತದೆ. ಅಷ್ಟು ಉದ್ದದ ಲೋಲಕದ ಆವರ್ತಕಾಲ ಸುಮಾರು ಒಂದು ಸೆಕೆಂಡು. ಬೆರಳು ಕಣ್ಣಿಗೆ ಕಾಣದಷ್ಟು ಅಲುಗಿದರೂ, ಆ ಅಲುಗಾಟವು ಸೆಕೆಂಡಿಗೊಮ್ಮೆ ತಪ್ಪದೆ ಬಿದ್ದರೆ, ಅನುರಣನೆಯಿಂದ ಉಂಗುರದ ತೂಗಾಟವು ಬೆಳೆಯುತ್ತ ಹೋಗುತ್ತದೆ. ಫ್ರಾನ್ಸಿನ ರಸಾಯನವಿಜ್ಞಾನಿ ಷೆವ್ರೊಲ್ ಈ ಲೋಲಕವನ್ನು ಪರೀಕ್ಷಿಸಿ, 1833ರಲ್ಲಿ ಆಂಪೇರನಿಗೆ ಬರೆದ ಪತ್ರವೊಂದರಲ್ಲಿ ಪ್ರಕಟಿಸಿದನು. ಭಾವನೆಯೇ ಸ್ನಾಯುವನ್ನು ಅಲುಗಿಸುವ ಈ ವ್ಯಾಪಾರಕ್ಕೆ 1852ರಲ್ಲಿ ಕಾರ್ಪೆಂಟರ್ ಎಂಬ ಇಂಗ್ಲಿಷ್ ವೈದ್ಯನು ಹೆಸರು ಕೊಟ್ಟನು. ನಾವು ಅದನ್ನು ಭಾವನಾಪ್ರೇರಿತ ಚಲನೆ ಎನ್ನಬಹುದು.

ಇದಕ್ಕೆ ಅತ್ಯಂತ ಸೊಗಸಾದ ಪ್ರಮಾಣವನ್ನು ಒದಗಿಸಿದವನು ಮೈಕೇಲ್ ಫ್ಯಾರಡೆ. ಕೆಲವರು ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಟ್ಟರೆ ಮೇಜು ತಾನಾಗಿಯೇ ತಿರುಗುತ್ತದೆಂದು 1853ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಗುಲ್ಲೆದ್ದಿತ್ತು. ಫ್ಯಾರಡೆಯು ಎರಡು ಹಲಗೆಗಳ ನಡುವೆ ಗಾಜಿನ ಉರುಳೆಗಳನ್ನಿಟ್ಟು, ಮೇಲಿನ ಹಲಗೆ ಕೂದಲಷ್ಟು ಸರಿದರೂ ಒಂದು ಕಡ್ಡಿಯು ವಾಲಿ ತೋರಿಸುವಂತೆ ಏರ್ಪಾಟು ಮಾಡಿದನು. ಕೈಗಳು ಮೇಲಿನ ಹಲಗೆಯ ಮೇಲೆ. ಕಡ್ಡಿಯು ಮರೆಯಾಗಿದ್ದಾಗ ಕೈಗಳು ಹಲಗೆಯನ್ನು ತಳ್ಳುತ್ತಿದ್ದುದು ಸ್ಪಷ್ಟವಾಯಿತು. ಕಡ್ಡಿಯನ್ನು ಕುಳಿತವರ ಕಣ್ಣೆದುರಿಗೆ ಇಟ್ಟೊಡನೆ ತಳ್ಳುವಿಕೆ ನಿಂತುಹೋಯಿತು! ಅವರು ಮೋಸಗಾರರಲ್ಲ, ತಾವು ತಳ್ಳುತ್ತಿದ್ದೇವೆಂದು ಅವರಿಗೇ ತಿಳಿದಿರಲಿಲ್ಲ. ತಿಳಿದಾಗ ನಿಲ್ಲಿಸಿದರು.

ಒಂಬತ್ತು ಉತ್ತರಗಳು ಸಾಕು

ಸಭಾಂಗಣದಲ್ಲಿ 16 ಸಾಲುಗಳು, ಸಾಲಿಗೆ 32 ಆಸನಗಳು ಇವೆಯೆನ್ನೋಣ, ಒಟ್ಟು 512. ಕಣ್ಣುಮುಚ್ಚಿ ಒಂದು ಆಸನವನ್ನು ಮುಟ್ಟಿದರೆ ಅದೇ ಸರಿಯಾದುದಾಗಿರುವ ಸಂಭವ 512ರಲ್ಲಿ ಒಂದು. ಆದರೆ ‘ಹೌದು’, ‘ಅಲ್ಲ’ ಎಂಬ ಉತ್ತರಗಳು ದೊರೆಯುವುದಾದರೆ ಕೆಲಸ ಎಷ್ಟು ಸುಲಭವಾಗುತ್ತದೆ ನೋಡಿರಿ. ಎಡಭಾಗವೋ ಬಲಭಾಗವೋ ಎಂಬ ಒಂದೇ ಪ್ರಶ್ನೆಯಿಂದ 512 ಇದ್ದುದು 256 ಆಗುತ್ತದೆ. ಮುಂದೋ ಹಿಂದೋ ಎಂದು ತಿಳಿದರೆ 128. ಹೀಗೆ ಪ್ರತಿ ಬಾರಿಯೂ ಅರ್ಧವಾಗುತ್ತ ಒಂಬತ್ತನೆಯ ಪ್ರಶ್ನೆಗೆ ಒಂದೇ ಆಸನ ಉಳಿಯುತ್ತದೆ. ಎರಡರ ಒಂಬತ್ತನೆಯ ಘಾತವೇ 512. ತಪ್ಪುದಿಕ್ಕಿನಲ್ಲಿ ಹೆಜ್ಜೆಯಿಟ್ಟಾಗ ಮಾರ್ಗದರ್ಶಿಯ ಕೈ ಕೊಂಚ ಭಾರವಾಗುತ್ತದೆ. ಸರಿಯಾದ ದಿಕ್ಕಿಗೆ ತಿರುಗಿದಾಗ ಹಗುರವಾಗುತ್ತದೆ. ಗುರಿಯನ್ನು ದಾಟಿದರೆ ಹಿಂದಕ್ಕೆ ಎಳೆಯುತ್ತದೆ. ಸಭೆಗೆ ಅಸಾಧ್ಯವೆಂದು ತೋರುವ ಕಾರ್ಯವು ಪ್ರದರ್ಶಕನ ಪಾಲಿಗೆ ಹತ್ತಾರು ಚಿಕ್ಕ ಹೌದು-ಅಲ್ಲಗಳ ಸರಣಿ. ಈ ಅಂತರವೇ ಆಟದ ಬಲ.

ಮಣಿಕಟ್ಟಿನ ಬದಲು ಕರವಸ್ತ್ರವೊಂದರ ಎರಡು ತುದಿಗಳನ್ನು ಇಬ್ಬರೂ ಹಿಡಿದುಕೊಂಡರೂ ಕೆಲಸ ನಡೆಯುತ್ತದೆ; ಬಟ್ಟೆ ಬಿಗಿಯಾಗಿರಬೇಕಷ್ಟೆ. ಸಡಿಲವಾದ ಬಟ್ಟೆಯು ಸೆಳೆತವನ್ನು ಸಾಗಿಸಲಾರದು. ಸಭಿಕರ ಮೌನ, ನೋಟ, ಪಿಸುಮಾತುಗಳೂ ಸುಳಿವುಗಳೇ. ಬರ್ಲಿನ್ನಿನ ‘ಜಾಣ ಹಾನ್ಸ್’ ಎಂಬ ಕುದುರೆಯು ಲೆಕ್ಕದ ಉತ್ತರವನ್ನು ಗೊರಸು ತಟ್ಟಿ ಹೇಳುತ್ತಿತ್ತು. ಪ್ರಶ್ನೆ ಕೇಳಿದವನು ತನಗರಿಯದೆಯೇ ತಲೆಯನ್ನು ಅಲುಗಿಸುತ್ತಿದ್ದುದನ್ನು ನೋಡಿ ಅದು ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದು ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿದನು. ಉತ್ತರವು ಪ್ರಶ್ನೆ ಕೇಳಿದವನಿಗೇ ತಿಳಿಯದಿದ್ದಾಗ ಕುದುರೆಯೂ ತಪ್ಪುತ್ತಿತ್ತು.

ಮಾಡಿ ನೋಡುವವರಿಗೆ

ಎಂಟು ಪೆಟ್ಟಿಗೆಗಳನ್ನು ಕೋಣೆಯಲ್ಲಿ ದೂರದೂರ ಇಡಿರಿ. ಒಂದರಲ್ಲಿ ನಾಣ್ಯವನ್ನು ಬಚ್ಚಿಟ್ಟು, ಸ್ಥಳ ಬಲ್ಲ ಮಾರ್ಗದರ್ಶಿಯೊಡನೆ ಹತ್ತು ಬಾರಿ ಹುಡುಕಿರಿ. ಏನೂ ಅರಿಯದ ಮಾರ್ಗದರ್ಶಿಯೊಡನೆ ಮತ್ತೆ ಹತ್ತು ಬಾರಿ ಹುಡುಕಿರಿ. ಈ ಎರಡನೆಯ ಹತ್ತರಲ್ಲಿ, ಬಚ್ಚಿಟ್ಟವನು ಕೋಣೆಯ ಹೊರಗಿರಲಿ. ಆಕಸ್ಮಿಕವಾಗಿ ಹತ್ತರಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಬಾರಿ ಸಿಕ್ಕುವ ಸಂಭವ ಇನ್ನೂರರಲ್ಲಿ ಒಂದಕ್ಕಿಂತ ಕಡಿಮೆ. ಮೊದಲ ಹತ್ತರಲ್ಲಿ ಐದನ್ನು ದಾಟುವ ಅಭ್ಯಾಸ ಬಂದ ಮೇಲೆ ಮಾತ್ರ ಈ ಪ್ರಯೋಗವನ್ನು ವೇದಿಕೆಗೆ ತನ್ನಿರಿ. ಬೇಕೆಂದೇ ಕೈಯನ್ನು ಬಿಗಿಹಿಡಿಯುವ ಹಟಮಾರಿ ಮಾರ್ಗದರ್ಶಿಯಾಗಲು ತಕ್ಕವನಲ್ಲ. ಮನಸ್ಸಿಟ್ಟು ಸಹಕರಿಸುವವನನ್ನು ಆರಿಸಿರಿ. ಸೋಲುವ ಸಂಭವ ಉಳಿದೇ ಇರುತ್ತದೆ. ಅದಿಲ್ಲದಿದ್ದರೆ ಗೆಲುವಿಗೂ ಬೆಲೆಯಿಲ್ಲ.

ಮುಕ್ತಾಯದ ಬಲ ಹೆಚ್ಚಿದಷ್ಟೂ ಪ್ರದರ್ಶಕನ ಹೊಣೆಯೂ ಹೆಚ್ಚುತ್ತದೆ. ಸಭೆಯು ಈ ಆಟವನ್ನು ದಿವ್ಯದೃಷ್ಟಿಯೆಂದು ನಂಬಿಕೊಂಡು ಮನೆಗೆ ಹೋದರೆ, ನಾಳೆ ಕಳುವಾದ ಒಡವೆಗಾಗಿ, ಕಾಣೆಯಾದ ಮಗುವಿಗಾಗಿ ಯಾವನೋ ಒಬ್ಬನ ಮುಂದೆ ಹಣ ಸುರಿಯುವವರು ಅವರಲ್ಲಿಯೇ ಇರಬಹುದು. ಅಂಥವರಿಗೆ ತಿಳಿಯಬೇಕಾದ ಮಾತು ಒಂದೇ. ಸ್ನಾಯುವನ್ನು ಓದುವವನು ಮಾರ್ಗದರ್ಶಿಗೆ ಗೊತ್ತಿರುವುದನ್ನು ಮಾತ್ರ ಪಡೆಯಬಲ್ಲನು. ಆದುದರಿಂದ ಬಚ್ಚಿಟ್ಟದ್ದನ್ನು ಹುಡುಕಬಲ್ಲನು, ಕಳೆದುಹೋದದ್ದನ್ನು ಹುಡುಕಲಾರನು.