ಕಂಪನಿಗಳ ತೆರಿಗೆಯೂ ಸರಕಾರದ ನೀತಿಯೂ

ಅಂಗಡಿಯಲ್ಲಿ ಒಂದು ಸಾಬೂನು ಕೊಂಡ ತಾಯಿಯೂ ಸರಕಾರಕ್ಕೆ ತೆರಿಗೆ ಕೊಟ್ಟೇ ಮನೆಗೆ ಮರಳುತ್ತಾಳೆ. ತೆರಿಗೆಯು ಬೆಲೆಯೊಳಗೇ ಅಡಗಿರುವುದರಿಂದ ಆಕೆಗೆ ಅದನ್ನು ತಪ್ಪಿಸಿಕೊಳ್ಳುವ ದಾರಿಯಿಲ್ಲ. ತೆರಿಗೆಗೆ ಒಳಪಟ್ಟ ನೌಕರನ ವೇತನದಲ್ಲಿಯಾದರೋ, ಹಣವು ಅವನ ಕೈಸೇರುವ ಮೊದಲೇ ಸರಕಾರದ ಪಾಲು ಮುರಿದುಕೊಳ್ಳಲ್ಪಡುತ್ತದೆ. ಹೀಗಿರಲು ಕೋಟಿ ಕೋಟಿ ಲಾಭ ಗಳಿಸುವ ಕಂಪನಿಯೊಂದು ಕಾನೂನನ್ನು ಮುರಿಯದೆಯೇ ತೆರಿಗೆಯಿಂದ ಪಾರಾಗುವುದೆಂತು, ಸರಕಾರವು ಅದನ್ನು ತಡೆಯುವುದೆಂತು ಎಂಬುದನ್ನು ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳೂ ಅವರ ಹೆತ್ತವರೂ ತಿಳಿದಿರಬೇಕೆಂದು ನಾವು ಬಗೆಯುತ್ತೇವೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ಹಣ ಬರುವುದೂ ಅದೇ ಬೊಕ್ಕಸದಿಂದಲ್ಲವೆ?

ಲೆಕ್ಕವನ್ನು ಬಚ್ಚಿಡುವುದು ತೆರಿಗೆಯ ಕಳವು, ಅದಕ್ಕೆ ಶಿಕ್ಷೆಯುಂಟು. ಲೆಕ್ಕವನ್ನೆಲ್ಲ ತೋರಿಸಿ, ಕಾನೂನಿನ ಅಕ್ಷರಕ್ಕೆ ಊನ ಬಾರದಂತೆ, ಲಾಭವನ್ನು ಮಾತ್ರ ತೆರಿಗೆಯಿಲ್ಲದ ಸ್ಥಳಕ್ಕೆ ಸಾಗಿಸುವುದು ಬೇರೆಯ ವಿದ್ಯೆ. ನಮ್ಮ ವಿಷಯ ಈ ಎರಡನೆಯದು.

ಅಡಕೆಯ ವರ್ತಕನೊಬ್ಬನಿಗೆ ಎರಡು ಅಂಗಡಿಗಳಿವೆಯೆಂದು ಭಾವಿಸೋಣ. ಒಂದು ನಮ್ಮ ಊರಿನಲ್ಲಿ. ಇನ್ನೊಂದು ತೆರಿಗೆಯೇ ಇಲ್ಲದ ಯಾವುದೋ ದ್ವೀಪದಲ್ಲಿ. ನೂರು ರೂಪಾಯಿ ಅಸಲು ಬಿದ್ದ ಅಡಕೆಯನ್ನು ಮೊದಲನೆಯ ಅಂಗಡಿಯು ಎರಡನೆಯದಕ್ಕೆ 105 ರೂಪಾಯಿಗೆ ಮಾರುತ್ತದೆ. ಎರಡನೆಯದು ಅದನ್ನು ಪೇಟೆಯಲ್ಲಿ 150 ರೂಪಾಯಿಗೆ ಮಾರುತ್ತದೆ. ಒಟ್ಟು ಲಾಭ 50. ತೆರಿಗೆಗೆ ಸಿಕ್ಕಿದುದು 5 ಮಾತ್ರ. ಅಡಕೆಯ ಮೂಟೆಯು ದ್ವೀಪವನ್ನು ಕಾಣಲೇ ಇಲ್ಲ. ಕಾಗದವು ಹೋಗಿ ಬಂದಿತು, ಅಷ್ಟೆ. ಆಫ್ರಿಕದ ಜಾಂಬಿಯಾ ದೇಶದಲ್ಲಿ ತಾಮ್ರದ ವಿಷಯವಾಗಿ ಇಂಥದೇ ವ್ಯಾಜ್ಯವು ನಡೆದು, 2020ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಸರಕಾರದ ಪಕ್ಷವನ್ನು ಎತ್ತಿಹಿಡಿಯಿತು. ಒಂದೇ ಬಳಗದ ಕಂಪನಿಗಳು ತಮ್ಮತಮ್ಮೊಳಗೆ ಮಾರುವಾಗಲೂ, ಪರಕೀಯರಿಗೆ ಮಾರಿದ್ದರೆ ಬರುತ್ತಿದ್ದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬ ವಿವರವಾದ ನಿಯಮಗಳನ್ನು ಭಾರತವು 2001ರಲ್ಲಿ ಮಾಡಿತು.

ನಮ್ಮ ದೇಶದ ಅನುಭವದಲ್ಲಿ ಹೆಚ್ಚು ಪಾಠ ಕಲಿಸಿದುದು ವೊಡಾಫೋನ್ ಪ್ರಕರಣ. ಹಾಂಕಾಂಗಿನ ಹಚಿಸನ್ ಬಳಗಕ್ಕೆ ಭಾರತದ ಮೊಬೈಲ್ ಫೋನ್ ಕಂಪನಿಯೊಂದರಲ್ಲಿ ಶೇಕಡಾ 67ರಷ್ಟು ಹಿತವಿದ್ದಿತು. 2007ರಲ್ಲಿ ಬ್ರಿಟನಿನ ವೊಡಾಫೋನ್ ಬಳಗವು ಅದನ್ನು ಸುಮಾರು 1,100 ಕೋಟಿ ಡಾಲರುಗಳಿಗೆ ಕೊಂಡಿತು. ಆದರೆ ಕೈಬದಲಾದುದು ಭಾರತದ ಷೇರಲ್ಲ; ಕೇಮನ್ ದ್ವೀಪಗಳಲ್ಲಿ ನೋಂದಾಯಿಸಿದ್ದ ಇನ್ನೊಂದು ಕಂಪನಿಯ ಒಂದೇ ಒಂದು ಷೇರು! ಆ ಷೇರಿಗೆ ಬೆಲೆ ಬಂದುದು ಇಲ್ಲಿಯ ಗೋಪುರಗಳಿಂದ, ಇಲ್ಲಿಯ ಗಿರಾಕಿಗಳಿಂದ. ಲಾಭ ಪಡೆದವನು ಮಾರಿದವನೇ ಆದರೂ, ಹಣ ಕೊಡುವಾಗ ತೆರಿಗೆಯನ್ನು ಮುರಿದುಕೊಳ್ಳಬೇಕಾಗಿತ್ತೆಂದು ತೆರಿಗೆ ಇಲಾಖೆಯು ಕೊಂಡವನನ್ನು ಹಿಡಿಯಿತು. ಕೇಳಿದ ಮೊತ್ತ 11 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದುದು. 2010ರಲ್ಲಿ ಬೊಂಬಾಯಿ ಹೈಕೋರ್ಟು ಇಲಾಖೆಯ ಪರವಾಗಿ ತೀರ್ಪಿತ್ತಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಆಗಿನ ಕಾನೂನಿನಂತೆ ಇಂಥ ವ್ಯವಹಾರಕ್ಕೆ ತೆರಿಗೆಯಿಲ್ಲವೆಂದಿತು.

ಇಲ್ಲಿ ಸರಕಾರದ ಮುಂದೆ ಎರಡು ದಾರಿಗಳಿದ್ದುವು. ಇನ್ನು ಮುಂದಕ್ಕೆ ಅನ್ವಯಿಸುವಂತೆ ಕಾನೂನನ್ನು ತಿದ್ದುವುದು ಒಂದು. ಹಿಂದಣ ವ್ಯವಹಾರಗಳನ್ನೂ ಹಿಡಿಯುವಂತೆ ತಿದ್ದುವುದು ಇನ್ನೊಂದು. 2012ರಲ್ಲಿ ಸರಕಾರವು ಎರಡನೆಯದನ್ನು ಆರಿಸಿ, ತಿದ್ದುಪಡಿಯನ್ನು 1962ರಿಂದಲೇ ಅನ್ವಯಗೊಳಿಸಿತು. ಆಟ ಮುಗಿದ ಮೇಲೆ ನಿಯಮ ಬದಲಿಸಿದರೆ ಮಕ್ಕಳು ಕೂಡ ಒಪ್ಪುವುದಿಲ್ಲ. 2020ರಲ್ಲಿ ಹೇಗ್ ನಗರದ ಪಂಚಾಯ್ತಿ ಮಂಡಲಿಯು ಭಾರತದ ವಿರುದ್ಧ ತೀರ್ಪು ಕೊಟ್ಟಿತು. 2021ರಲ್ಲಿ ಪಾರ್ಲಿಮೆಂಟು ಆ ಹಿನ್ನಡೆಯ ಅನ್ವಯವನ್ನು ಕೈಬಿಟ್ಟು, ಹೀಗೆ ವಸೂಲಾಗಿದ್ದ ಹಣವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಲು ಒಪ್ಪಿತು. ತಿದ್ದುಪಡಿಯ ತತ್ವವು ಸರಿಯಾದುದೆಂದೇ ನಮ್ಮ ಅಭಿಪ್ರಾಯ; ಕೆಟ್ಟುದು ಕಾಲ. 1990ರ ದಶಕದಲ್ಲಿ ವಿದೇಶೀ ಬಂಡವಾಳಕ್ಕೆ ಬಾಗಿಲು ತೆರೆದಾಗಲೇ ಈ ಕಿಂಡಿಯನ್ನು ಮುಚ್ಚಿದ್ದರೆ ಇಷ್ಟು ವರ್ಷಗಳ ವ್ಯಾಜ್ಯವು ತಪ್ಪುತ್ತಿತ್ತು.

ಮಾರಿಷಸ್ಸಿನ ವಿಷಯದಲ್ಲಿ ಸರಕಾರವು ಹೆಚ್ಚು ವಿವೇಕದಿಂದ ನಡೆಯಿತು. 1982ರ ಒಪ್ಪಂದದಂತೆ, ಅಲ್ಲಿಯ ಕಂಪನಿಯು ಭಾರತದ ಷೇರುಗಳನ್ನು ಮಾರಿ ಗಳಿಸಿದ ಲಾಭಕ್ಕೆ ತೆರಿಗೆ ಹಾಕುವ ಅಧಿಕಾರವು ಮಾರಿಷಸ್ಸಿಗೆ ಇದ್ದಿತು; ಆ ದೇಶವಾದರೋ ಅಂಥ ಲಾಭಕ್ಕೆ ತೆರಿಗೆ ಹಾಕುತ್ತಿರಲಿಲ್ಲ. ಎರಡು ಬಾರಿ ತೆರಿಗೆ ಬೀಳದಿರಲೆಂದು ಮಾಡಿದ ಕರಾರಿನಿಂದ ಒಂದು ಬಾರಿಯೂ ಬೀಳದಂತಾಯಿತು. 2016ರಲ್ಲಿ ಉಭಯ ದೇಶಗಳೂ ಒಪ್ಪಿ ಅದನ್ನು ತಿದ್ದಿದುವು. 2017ರ ಏಪ್ರಿಲ್ 1ರಿಂದ ಕೊಂಡ ಷೇರುಗಳಿಗೆ ಮಾತ್ರ ಹೊಸ ನಿಯಮ, ಹಳೆಯವನ್ನು ಮುಟ್ಟಲಿಲ್ಲ. ತೆರಿಗೆ ತಪ್ಪಿಸುವುದೊಂದೇ ಮುಖ್ಯ ಉದ್ದೇಶವಾಗಿರುವ ಏರ್ಪಾಟುಗಳನ್ನು ತಳ್ಳಿಹಾಕುವ ಸಾಮಾನ್ಯ ನಿಯಮವೂ ಅದೇ ದಿನದಿಂದ ಜಾರಿಗೆ ಬಂದಿತು.

ಒಂದು ದೇಶವು ಬೇಲಿ ಹಾಕಿದರೆ ಲಾಭವು ಇನ್ನೊಂದರ ಕಡೆಗೆ ಹರಿಯುವುದುಂಟು. ಆದುದರಿಂದ 2021ರ ಅಕ್ಟೋಬರಿನಲ್ಲಿ ಭಾರತವೂ ಸೇರಿ 136 ದೇಶಗಳು, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಎಲ್ಲಿಯಾದರೂ ಕನಿಷ್ಠ ಶೇಕಡಾ 15ರ ತೆರಿಗೆ ಬೀಳಬೇಕೆಂಬ ಯೋಜನೆಗೆ ಒಪ್ಪಿದುವು. ಬಡ ದೇಶಗಳು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬಂಡವಾಳವನ್ನು ಕರೆಯುವುದಕ್ಕಾಗಿ ಅವು ತೆರಿಗೆಯನ್ನು ಶೇಕಡಾ 5ಕ್ಕೆ ಇಳಿಸಿದರೆ, ಉಳಿದ 10ನ್ನು ಕಂಪನಿಯ ತವರು ದೇಶವು ವಸೂಲು ಮಾಡಿಕೊಳ್ಳಲು ಈ ಯೋಜನೆಯಲ್ಲಿ ಅವಕಾಶವಿದೆ. ಬಡವನು ಬಿಟ್ಟುದು ಸಿರಿವಂತನ ಬೊಕ್ಕಸಕ್ಕೆ ಹೋದಂತಾಗುತ್ತದೆ. ಇದನ್ನರಿತ ವಿಯೆಟ್ನಾಮ್, ಆ ವ್ಯತ್ಯಾಸದ ಹಣವನ್ನು ತಾನೇ ವಸೂಲು ಮಾಡುವಂತೆ 2023ರಲ್ಲಿ ನಿರ್ಣಯಿಸಿ, 2024ರ ಜನವರಿ 1ರಿಂದ ಜಾರಿಗೆ ತಂದಿತು.