ಇಳಕಲ್ ಸೀರೆ ಮತ್ತು ಯಂತ್ರದ ಕಣ್ಣು

ಬಟ್ಟೆಯ ದೋಷಗಳನ್ನು ಕಂಡುಹಿಡಿಯುವ ಕೆಲಸವನ್ನು ಇಂದು ಕೆಲವು ಗಿರಣಿಗಳಲ್ಲಿ ಕೃತಕ ಬುದ್ಧಿಮತ್ತೆಗೆ ಒಪ್ಪಿಸುತ್ತಿದ್ದಾರೆ. ದೋಷವನ್ನು ಬೇಗನೆ ಗುರುತಿಸಿದರೆ ನೂಲು, ಬಣ್ಣ, ನೀರು ಇವುಗಳ ಅಪವ್ಯಯ ತಪ್ಪುವುದೆಂಬುದು ಇದರ ಸಮರ್ಥನೆ. ಮಾತು ನಿಜ. ಆದರೆ ಈ ಯಂತ್ರದ ಕಣ್ಣು ನಮ್ಮ ಇಳಕಲ್ ಸೀರೆಯನ್ನು ಹೇಗೆ ನೋಡೀತು? ನೇಕಾರರ ಮನೆಯಿಂದ ಪದವಿ ತರಗತಿಗೆ ಬಂದವರಲ್ಲಿ ಮೊದಲಿಗಳಾದ ನನಗೆ ಈ ಪ್ರಶ್ನೆ ಸಹಜವಾಗಿಯೇ ಮೂಡಿತು.

ಮೊದಲು ಯಂತ್ರದ ರೀತಿಯನ್ನು ತಿಳಿಯೋಣ. ಕ್ಯಾಮೆರಾ ತೆಗೆದ ಚಿತ್ರವು ಗಣಕಯಂತ್ರಕ್ಕೆ ಬರಿಯ ಅಂಕಿಗಳ ಚೌಕ. ಒಂದೊಂದು ಬಿಂದುವಿನ ಬೆಳಕೂ ಒಂದೊಂದು ಅಂಕಿ. ನೇಯ್ಗೆಯಲ್ಲಿ ಹಾಸು ಹೊಕ್ಕುಗಳು ಒಂದೇ ಕ್ರಮದಲ್ಲಿ ಮರಳಿ ಮರಳಿ ಬರುವುದರಿಂದ ಅಂಕಿಗಳಲ್ಲಿಯೂ ಒಂದು ಲಯವಿರುತ್ತದೆ. ಎಳೆ ಹರಿದರೆ, ಕಲೆ ಬಿದ್ದರೆ ಆ ಲಯ ತಪ್ಪುತ್ತದೆ. "ಇದು ದೋಷ, ಇದು ದೋಷವಲ್ಲ" ಎಂದು ಮನುಷ್ಯರು ಗುರುತು ಹಾಕಿಕೊಟ್ಟ ಸಾವಿರಾರು ಚಿತ್ರಗಳಿಂದ ಯಂತ್ರವು ಭೇದವನ್ನು ಕಲಿಯುತ್ತದೆ. ಅಂದಮೇಲೆ ಕಲಿಸಿದವರ ದೃಷ್ಟಿಯೇ ಅದರ ದೃಷ್ಟಿ.

ಇನ್ನು ನಮ್ಮ ಸೀರೆಯ ವಿಚಾರ. ಇದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಾಮಾನ್ಯವಾಗಿ ಒಡಲು ಹತ್ತಿಯದು; ಸೆರಗು ರೇಷ್ಮೆಯದು ಇಲ್ಲವೆ ಕೃತಕ ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿಯೊಳಗೆ ಕೊಂಡಿ ಸಿಕ್ಕಿಸಿ ಕೂಡಿಸುತ್ತಾರೆ. ಆದುದರಿಂದ ಪ್ರತಿಯೊಂದು ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸೀರೆಯ ಮುಖ್ಯ ಲಕ್ಷಣವೇ ಈ ಕೂಡಿಕೆ.

ಗಿರಣಿಯ ನುಣುಪು ಬಟ್ಟೆಯಿಂದ ಮಾತ್ರ ಪಾಠ ಕಲಿತ ಯಂತ್ರಕ್ಕೆ ಈ ಕೂಡಿಕೆಯೇ ಒಂದು ದೊಡ್ಡ ದೋಷವಾಗಿ ತೋರಬಹುದು. ಲೆಕ್ಕ ಹಾಕಿ ನೋಡೋಣ. ಬಟ್ಟೆಯ ಪರೀಕ್ಷೆಗೆ ಬಳಸುವ ನಾಲ್ಕಂಕ ಪದ್ಧತಿಯಲ್ಲಿ 3 ಅಂಗುಲದವರೆಗಿನ ದೋಷಕ್ಕೆ 1 ಅಂಕ. 9 ಅಂಗುಲ ಮೀರಿದ್ದಕ್ಕೆ 4 ಅಂಕ. 100 ಚದರ ಗಜಕ್ಕೆ 40 ಅಂಕ ಮೀರಿದರೆ ಸಾಮಾನ್ಯವಾಗಿ ಆ ಬಟ್ಟೆ ಮೊದಲ ದರ್ಜೆಯದಲ್ಲ. ಸೀರೆ 6 ಗಜ ಉದ್ದ, 45 ಅಂಗುಲ ಅಗಲವೆಂದು ಹಿಡಿದರೆ ಅದರ ವಿಸ್ತೀರ್ಣ 7.5 ಚದರ ಗಜ. ಕೂಡಿಕೆಯೊಂದನ್ನೇ ದೋಷವೆಂದು ಎಣಿಸಿದರೂ 4 ಅಂಕ. ಅಂದರೆ 100 ಚದರ ಗಜಕ್ಕೆ 53ಕ್ಕೂ ಹೆಚ್ಚು! ಬೇರಾವ ಕುಂದೂ ಇಲ್ಲದ ಅಪ್ಪಟ ಸೀರೆ ಅನುತ್ತೀರ್ಣವಾಗಿ, ಕೂಡಿಕೆಯೇ ಇಲ್ಲದ ವಿದ್ಯುತ್ ಮಗ್ಗದ ಅನುಕರಣೆ ತೇರ್ಗಡೆಯಾದೀತು. ಕುಂದಿನ ಹೆಸರಿನಲ್ಲಿ ಕೂಲಿ ಮುರಿದಾಗ ನೇಕಾರನ ಮನೆಯ ಒಲೆ ಹೇಗಿರುತ್ತದೆಂಬುದನ್ನು ನಾನು ಬಲ್ಲೆ. ಇಂಥ ಯಂತ್ರವು ಬಟ್ಟೆಯನ್ನು ಉಳಿಸುವ ಬದಲು ಕಸುಬನ್ನೇ ಕಳೆದೀತು.

ಆದರೂ ಯಂತ್ರವನ್ನು ಹಳಿಯುವುದು ವಿವೇಕವೆನಿಸದು. ಅನುಭವಿ ನೇಕಾರನೇ ಅದಕ್ಕೆ ಗುರುವಾದರೆ ಫಲ ತಿರುಗುತ್ತದೆ. ಮಗ್ಗದ ಮೇಲಿರುವಾಗಲೇ ಹರಿದ ಎಳೆಯನ್ನು ತೋರಿಸಿದರೆ ಗಂಟು ಹಾಕಿ ಸೀರೆಯನ್ನು ಉಳಿಸಬಹುದು. ಕೊಂಡಿಯ ಸಾಲನ್ನು ಗುರುತಿಸಲು ಕಲಿತರೆ ಅದೇ ಅಪ್ಪಟತನದ ಸಾಕ್ಷಿಯಾಗುತ್ತದೆ. 2006ರಿಂದ ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಇದೆ. ಚೀಟಿಯನ್ನು ಕಿತ್ತು ಬೇರೆಡೆ ಹಚ್ಚಬಹುದು. ಕೊಂಡಿಯನ್ನು ಹಾಗೆ ಹಚ್ಚಲಾಗದು.

ಇದಕ್ಕೆ ಎರಡು ನಿಯಮಗಳು ಅವಶ್ಯ. ಚಿತ್ರಗಳಿಗೆ ಗುರುತು ಹಾಕುವವರು ನೇಕಾರರಾಗಿರಬೇಕು; ಯಂತ್ರವು ದೋಷವೆಂದದ್ದನ್ನು ಮನುಷ್ಯರು ನೋಡುವವರೆಗೆ ಕೂಲಿಯನ್ನು ಮುರಿಯಬಾರದು. ಮೊದಲನೆಯ ಕೆಲಸಕ್ಕೆ ಓದುಬರಹ ಬಲ್ಲ ಸಹಾಯಕರು ಬೇಕು. ಮಗ್ಗದ ಸಪ್ಪಳ ಕೇಳಿ ಬೆಳೆದು ಈ ಕಾಲೇಜಿಗೆ ಬಂದಿರುವ ನಾವು ಆ ಕೆಲಸಕ್ಕೆ ಮುಂದಾಗದಿದ್ದರೆ ಮತ್ತಾರು ಮುಂದಾದಾರು?